ಆನ್‌ಲೈನ್ ಚೆಸ್‌ನಲ್ಲಿ ಎಷ್ಟು ಸಲ ಡ್ರಾ ಕೇಳಬಹುದು?

ತುಮಕೂರು ರೈಲು:

ಎಲ್ಲರಿಗೂ ನಮಸ್ಕಾರ. ನಾನು ದಿನಾ ತುಮಕೂರಿನಿಂದ ಯಶವಂತಪುರಕ್ಕೆ ರೈಲಿನಲ್ಲಿ ಹೋಗಿ ಬರುವವನು. ಸೀಟು ಸಿಕ್ಕಿದ ದಿನ ಫೋನಿನಲ್ಲಿ ಒಂದೆರಡು ಚೆಸ್ ಗೇಮ್ ಆಡುತ್ತೇನೆ. ಹತ್ತು ನಿಮಿಷದ ಆಟ.

ನಿನ್ನೆ ಬೆಳಿಗ್ಗೆ ನಡೆದದ್ದು ಹೇಳುತ್ತೇನೆ. ನನ್ನ ಹತ್ತಿರ ಒಂದು ಆನೆ ಜಾಸ್ತಿ ಇತ್ತು. (ಆನೆ ಅಂದರೆ ರೂಕ್, ಒಂಟೆ ಅಂದರೆ ಬಿಷಪ್. ನಾನು ಕಲಿತದ್ದು ಹಾಗೆ, ಹಾಗೇ ಬರೆಯುತ್ತೇನೆ.) ಎದುರಾಳಿ ಡ್ರಾ ಕೇಳಿದರು. ಬೇಡ ಅಂತ ಒತ್ತಿದೆ. ಎರಡು ನಡೆ ಆಯಿತು, ಮತ್ತೆ ಕೇಳಿದರು. ಮತ್ತೆ ಬೇಡ ಅಂದೆ. ಹೀಗೆ ಆರು ಸಲ. ಅಷ್ಟರಲ್ಲಿ ನನ್ನ ಟೈಮ್ 38 ಸೆಕೆಂಡಿಗೆ ಇಳಿದಿತ್ತು. ನನ್ನ ಕಡೆಯ ಕೊನೆ ಸಾಲಿನಲ್ಲಿದ್ದ ಆನೆಯನ್ನು ಎಳೆಯಲು ಹೆಬ್ಬೆರಳು ಇಡುತ್ತಿದ್ದೆ. ಅದೇ ಹೊತ್ತಿಗೆ ಬೋರ್ಡಿನ ಕೆಳಗೆ ಏಳನೇ ಸಲ ಅದೇ ಪ್ರಶ್ನೆ ಮೂಡಿತು. ಹಿರೇಹಳ್ಳಿ ದಾಟಿ ರೈಲು ಒಮ್ಮೆ ಕುಲುಕಿತು. ಬೆರಳು ಸ್ವಲ್ಪ ಕೆಳಗೆ ಜಾರಿ ಒಪ್ಪಿಗೆಯ ಗುರುತಿನ ಮೇಲೆ ಬಿತ್ತು. ಗೇಮ್ ಡ್ರಾ.

ಪಾಯಿಂಟ್ ಹೋದರೆ ನಾಳೆ ಬರುತ್ತದೆ. ಆದರೆ ಆರು ಸಲ ಬೇಡ ಅಂದವನನ್ನು ಏಳನೇ ಸಲ ಕೇಳುವುದು ಸರೀನಾ? ಇದಕ್ಕೆ ನಿಯಮ ಇದೆಯಾ, ಅಥವಾ ಬರೀ ನಡವಳಿಕೆಯ ಮಾತಾ? ನಾನು ಕ್ಲಬ್ಬಿನಲ್ಲಿ ಆಡಿ ಬೆಳೆದವನಲ್ಲ, ಫೋನಿನಲ್ಲೇ ಕಲಿತವನು. ತಿಳಿದವರು ಹೇಳಿ.

ಗೌರಿಬಿದನೂರು ಬ್ಲಿಟ್ಜ್:

ಅಣ್ಣ, ನಿಮ್ಮ ಬೇಜಾರು ಅರ್ಥವಾಗುತ್ತದೆ. ಆದರೆ ನಾನು ಬೇರೆ ಥರ ಯೋಚಿಸುತ್ತೇನೆ. ಬಟನ್ ಕೊಟ್ಟಿದ್ದಾರೆ, ಒತ್ತುತ್ತಾರೆ. ಸೋಲುತ್ತಿರುವವನು ಉಳಿಯಲು ಏನಾದರೂ ದಾರಿ ಹುಡುಕಲೇಬೇಕಲ್ವಾ? ನಮಗೆ ಬೇಡವಾದರೆ ಸುಮ್ನೆ ಮುಂದಿನ ನಡೆ ಆಡಿದರೆ ಸಾಕು, ಆ ಕೋರಿಕೆ ತಾನಾಗಿ ಬಿದ್ದುಹೋಗುತ್ತದೆ. ಆಟದಲ್ಲಿ ಇಷ್ಟೆಲ್ಲ ಮನಸ್ಸಿಗೆ ಹಚ್ಚಿಕೊಂಡರೆ ಆಡುವುದೇ ಕಷ್ಟ.

ತಿಪಟೂರು ಕಲ್ಪತರು:

ಏಳು ಸಲ ಜಾಸ್ತಿಯಾಯಿತು. ಅದಕ್ಕೆ ನಮ್ಮೂರಲ್ಲಿ ತಲೆ ತಿನ್ನುವುದು ಅನ್ನುತ್ತಾರೆ.

ಕೋಲಾರ ಆರ್ಬಿಟರ್:

ನಿಯಮ ಇದೆಯಾ ಅಂತ ಕೇಳಿದ್ದೀರಿ. ಇದೆ. ಜಿಲ್ಲಾ ಮಟ್ಟದ ಪಂದ್ಯಗಳಲ್ಲಿ ಆರ್ಬಿಟರ್, ಅಂದರೆ ತೀರ್ಪುಗಾರ ಆಗಿ ಕೂತಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ನಿಯಮಗಳಲ್ಲಿ 9ನೆಯದು ಡ್ರಾ ಬಗ್ಗೆ ಇದೆ. ಬೋರ್ಡಿನ ಮುಂದೆ ಕೂತು ಆಡುವಾಗ ಮೊದಲು ನಿಮ್ಮ ನಡೆ ಆಡಬೇಕು. ಆಮೇಲೆ ಡ್ರಾ ಕೇಳಬೇಕು. ಆಮೇಲೆ ಗಡಿಯಾರ ಒತ್ತಬೇಕು. ಹೊಸಬರಿಗೆ ಇದು ಸುಮ್ಮನೆ ಶಿಸ್ತಿನ ಮಾತು ಅನ್ನಿಸುತ್ತದೆ, ಆದರೆ ಈ ಕ್ರಮಕ್ಕೆ ಕಾರಣ ಇದೆ. ನೀವು ಏನು ಆಡಿದಿರಿ ಅಂತ ನೋಡಿಕೊಂಡೇ ಎದುರಾಳಿ ಉತ್ತರ ಕೊಡಬೇಕು. ನೀವು ಇನ್ನೂ ಆಡದೆ ಡ್ರಾ ಕೇಳಿದರೆ ಆ ಕೋರಿಕೆ ಲೆಕ್ಕಕ್ಕೇನೋ ಬರುತ್ತದೆ, ಆದರೆ "ಮೊದಲು ನಿಮ್ಮ ನಡೆ ಆಡಿ, ನೋಡಿ ಹೇಳುತ್ತೇನೆ" ಅನ್ನಲು ಅವರಿಗೆ ಹಕ್ಕಿದೆ. ಅವರು ಯೋಚಿಸುತ್ತಿರುವಾಗ ಕೇಳುವುದು ಇನ್ನೂ ತಪ್ಪು.

ಒಮ್ಮೆ ಕೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಷರತ್ತು ಹಾಕಲೂ ಬರುವುದಿಲ್ಲ. ಎದುರಾಳಿ ಒಪ್ಪಬಹುದು, ಬಾಯಲ್ಲಿ ಬೇಡ ಅನ್ನಬಹುದು, ಇಲ್ಲವೇ ಆಡುವುದಕ್ಕೆಂದು ಒಂದು ಕಾಯಿ ಮುಟ್ಟಿದರೂ ಆಯಿತು, ಬೇಡ ಅಂದ ಹಾಗೆಯೇ. ಮತ್ತೆ ಇಬ್ಬರೂ ತಮ್ಮ ಸ್ಕೋರ್ ಶೀಟಿನಲ್ಲಿ ಆ ನಡೆಯ ಪಕ್ಕ ಕಂಸದೊಳಗೆ ಸಮ ಚಿಹ್ನೆ ಬರೆಯಬೇಕು. ಎಷ್ಟೋ ಆಟಗಾರರಿಗೆ ಇದು ಗೊತ್ತೇ ಇಲ್ಲ.

ಆ ಚಿಕ್ಕ ಗುರುತಿನ ಬೆಲೆ ನನಗೆ ಒಂದು ಮಕ್ಕಳ ಪಂದ್ಯದಲ್ಲಿ ಗೊತ್ತಾಯಿತು. ಒಬ್ಬ ಹುಡುಗ ಕೈ ಎತ್ತಿದ. ಹೋದೆ. "ಸರ್, ಇವನು ಬಿಡ್ತಾನೇ ಇಲ್ಲ" ಅಂದ. ಎದುರಿಗೆ ಕೂತವನು "ಒಂದೇ ಸಲ ಕೇಳಿದ್ದು ಸರ್" ಅಂದ. ನಾನು ಹಾಳೆ ತಿರುಗಿಸಿ ನೋಡಿದೆ. 27ನೇ ನಡೆಯ ಪಕ್ಕ ಆ ಗುರುತು. 29ರ ಪಕ್ಕ ಇನ್ನೊಂದು. 30, 32, ಅಲ್ಲೂ ಇತ್ತು. ಪೆನ್ಸಿಲಿನಲ್ಲಿ ಬರೆದದ್ದು, ಕೊನೆಯದರಲ್ಲಿ ಹಾಳೆ ಹರಿಯುವಷ್ಟು ಒತ್ತಿ ಬರೆದಿದ್ದ. ಹುಡುಗನಿಗೆ ಎಷ್ಟು ಸಿಟ್ಟು ಬಂದಿತ್ತು ಅಂತ ಆ ಗೆರೆಯಲ್ಲೇ ಕಾಣುತ್ತಿತ್ತು. ಇನ್ನೊಬ್ಬನಿಗೆ ಎಚ್ಚರಿಕೆ ಕೊಟ್ಟು, ಇವನ ಗಡಿಯಾರಕ್ಕೆ ಸಮಯ ಕೂಡಿಸಿದೆ.

ಅದಕ್ಕೆ ಆಧಾರ ಫಿಡೆ ನಿಯಮ 11.5. ಎದುರಾಳಿಯ ಗಮನ ಕೆಡಿಸುವುದು, ಕಿರಿಕಿರಿ ಮಾಡುವುದು ಯಾವ ರೀತಿಯಲ್ಲೂ ಕೂಡದು ಅಂತ ಅದು ಹೇಳುತ್ತದೆ. ಕಾರಣವಿಲ್ಲದೆ ಡ್ರಾ ಕೇಳುವುದನ್ನೂ ಅದರಲ್ಲಿ ಹೆಸರಿಟ್ಟು ಸೇರಿಸಿದ್ದಾರೆ. ಹಾಗಾಗಿ ಬ್ಲಿಟ್ಜ್ ಅವರೇ, ಇದು ಮನಸ್ಸಿಗೆ ಹಚ್ಚಿಕೊಳ್ಳುವವರ ದೂರಲ್ಲ, ನಿಯಮವೇ ಇದನ್ನು ತಪ್ಪು ಅನ್ನುತ್ತದೆ. ಫೋನಿನಲ್ಲಿ ಆಡುವಾಗ ಪಕ್ಕದಲ್ಲಿ ಆರ್ಬಿಟರ್ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ನಾನು ಮಕ್ಕಳಿಗೆ ಹೇಳಿಕೊಡುವುದು ಇದು. ಮೊದಲು ನಡೆ, ಆಮೇಲೆ ಬಟನ್. ಒಂದು ಸಲ ಕೇಳು. ಎದುರಿನವರು ಆಡಿದರು ಅಂದರೆ ಬೇಡ ಅಂದರು ಅಂತಲೇ ತಿಳಿ. ಬೋರ್ಡಿನ ಮೇಲೆ ಏನಾದರೂ ನಿಜವಾಗಿ ಬದಲಾದರೆ, ಅಂದರೆ ಕಾಯಿಗಳು ಕೊಟ್ಟು ತೆಗೆದುಕೊಂಡು ಆಟದ ರೂಪವೇ ಬೇರೆಯಾದರೆ, ಆಗ ಇನ್ನೊಮ್ಮೆ ಕೇಳಬಹುದು.

ತುಮಕೂರು ರೈಲು:

ಸರ್, ತುಂಬಾ ಧನ್ಯವಾದ. ನಡೆ ಆಡಿದ ಮೇಲೆ ಕೇಳಬೇಕು ಅನ್ನುವುದು ನನಗೂ ಗೊತ್ತಿರಲಿಲ್ಲ. ನಾನೂ ಎಷ್ಟೋ ಸಲ ಎದುರಾಳಿ ಯೋಚಿಸುತ್ತಿರುವಾಗಲೇ ಬಟನ್ ಒತ್ತಿದ್ದೇನೆ. ಇನ್ನು ಮೇಲೆ ಹಾಗೆ ಮಾಡುವುದಿಲ್ಲ.

ಶಿಡ್ಲಘಟ್ಟದ ಅಮ್ಮ:

ಕೋಲಾರದ ಸರ್‌ಗೆ ಒಂದು ಪ್ರಶ್ನೆ. ನನ್ನ ಮಗನಿಗೆ ಒಂಬತ್ತು ವರ್ಷ. ಅವನ ತೊಂದರೆ ಉಲ್ಟಾ. ಯಾರು ಡ್ರಾ ಕೇಳಿದರೂ ಒಪ್ಪಿಬಿಡುತ್ತಾನೆ. ಹೋದ ತಿಂಗಳು ಒಂದು ಪಂದ್ಯದಲ್ಲಿ ಇವನಿಗೆ ಎರಡು ಕಾಲಾಳು ಜಾಸ್ತಿ ಇತ್ತಂತೆ. ಎದುರಿಗೆ ಹೈಸ್ಕೂಲ್ ಹುಡುಗ. ಅವನು ಕೈ ಚಾಚಿ "ಡ್ರಾ?" ಅಂದನಂತೆ. ಇವನು ಕೈ ಕೊಟ್ಟೇಬಿಟ್ಟ. ಯಾಕೋ ಅಂದರೆ, "ಅಣ್ಣ ಕೇಳಿದ್ರು, ಹೆಂಗಮ್ಮ ಇಲ್ಲ ಅನ್ನೋದು" ಅಂತಾನೆ.

ತಪ್ಪು ನಮ್ಮದೂ ಇದೆ. ಮನೆಯಲ್ಲಿ ದೊಡ್ಡವರು ಕೇಳಿದ್ದಕ್ಕೆ ಇಲ್ಲ ಅನ್ನಬಾರದು ಅಂತ ಹೇಳಿ ಬೆಳೆಸಿದ್ದೇವೆ. ಈಗ ಫೋನಿನಲ್ಲಿ ಆಡುವಾಗಲೂ ಹಾಗೇ. ಮುಖ ಕಾಣದವರು ಕೇಳಿದರೂ ಒಪ್ಪುತ್ತಾನೆ, ಆಮೇಲೆ ಒಳಗೆ ಹೋಗಿ ಅಳುತ್ತಾನೆ. ಒರಟಾಗದ ಹಾಗೆ ಇಲ್ಲ ಅನ್ನುವುದನ್ನು ಮಗುವಿಗೆ ಹೇಗೆ ಕಲಿಸುವುದು?

ಕೋಲಾರ ಆರ್ಬಿಟರ್:

ಅಮ್ಮ, ಅವನು ಬಾಯಿಬಿಟ್ಟು ಏನೂ ಹೇಳಬೇಕಿಲ್ಲ. ತನ್ನ ಮುಂದಿನ ನಡೆ ಆಡಿದರೆ ಸಾಕು. ನಿಯಮದ ಪ್ರಕಾರ ಅದೇ ಉತ್ತರ. ಹೇಳಲೇಬೇಕು ಅನ್ನಿಸಿದರೆ "ಆಡೋಣ ಅಣ್ಣ" ಅಂತ ಒಂದು ಮಾತು. ಇಲ್ಲ ಅನ್ನುವ ಪದವೇ ಅಲ್ಲಿ ಬರುವುದಿಲ್ಲ, ಅಲ್ವಾ?

ಇನ್ನೊಂದು ವಿಷಯ. ಕೈ ಚಾಚಿ ಕೇಳುವುದನ್ನು ನಾನು ಒಪ್ಪುವುದಿಲ್ಲ. ಚಿಕ್ಕ ಮಕ್ಕಳು ಕೈ ಕಂಡ ಕೂಡಲೇ ಕೈ ಕೊಡುತ್ತಾರೆ. ಎದುರಿನವನು ಸೋತೆ ಅಂತ ಕೈ ಕೊಟ್ಟನೋ, ಡ್ರಾ ಕೇಳಿದನೋ ಅಂತ ಆಮೇಲೆ ಜಗಳವೂ ಆಗುತ್ತದೆ. ಕೈ ಕೊಡುವ ಮೊದಲು "ಏನು?" ಅಂತ ಕೇಳಲಿ. ಅನುಮಾನವಿದ್ದರೆ ಆರ್ಬಿಟರ್ ಕರೆಯಲಿ. ಕರೆದರೆ ಯಾರೂ ಬೈಯುವುದಿಲ್ಲ.

ಶಿಡ್ಲಘಟ್ಟದ ಅಮ್ಮ:

"ಆಡೋಣ ಅಣ್ಣ." ಇದು ಚೆನ್ನಾಗಿದೆ ಸರ್. ಇವತ್ತೇ ಹೇಳಿಕೊಡುತ್ತೇನೆ. ನಮ್ಮ ಯಜಮಾನರು ರೇಷ್ಮೆ ರೀಲರ್. ಅವರೂ ಓದಿ ಒಂದು ಮಾತು ಹೇಳಿದರು. ಗೂಡಿನ ಮಾರುಕಟ್ಟೆಯಲ್ಲಿ ಹರಾಜಿನ ಬೆಲೆ ಹಿಡಿಸದಿದ್ದರೆ ರೈತ ಒಪ್ಪುವುದಿಲ್ಲ. ಅದಕ್ಕೆ ಯಾರೂ ಮುನಿಸಿಕೊಳ್ಳುವುದಿಲ್ಲ, ಮಧ್ಯಾಹ್ನ ಇಬ್ಬರೂ ಒಂದೇ ಕಡೆ ಟೀ ಕುಡಿಯುತ್ತಾರೆ. ಮಗನನ್ನು ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ ಅಂದಿದ್ದಾರೆ.

ಮಧುಗಿರಿ ಬೆಟ್ಟ:

ಯಾರು ಕೇಳಬೇಕು ಅನ್ನುವುದರ ಬಗ್ಗೆಯೂ ಮಾತಾಡೋಣ. ನಾನು ಕೇಳಿದ ಪ್ರಕಾರ, ರೇಟಿಂಗ್ (ಆಟಗಾರನ ಮಟ್ಟ ತೋರಿಸುವ ಅಂಕ) ಜಾಸ್ತಿ ಇರುವವರೇ ಡ್ರಾ ಕೇಳಬೇಕು, ಕಡಿಮೆ ಇರುವವರು ಕೇಳಿದರೆ ಅದು ಮರ್ಯಾದೆ ಅಲ್ಲ. ಇದು ನಿಜವಾ?

ತಿಪಟೂರು ಕಲ್ಪತರು:

ನಿಯಮದಲ್ಲಿ ಹಾಗೇನೂ ಇಲ್ಲ. ರೂಢಿಯಲ್ಲಿದೆ, ಆದರೆ ನನಗೆ ಆ ರೂಢಿ ಹಿಡಿಸುವುದಿಲ್ಲ. ಬೋರ್ಡಿನ ಮುಂದೆ ಕೂತ ಮೇಲೆ ದೊಡ್ಡವರು ಚಿಕ್ಕವರು ಅಂತ ಇಲ್ಲ. ಆಟ ಸಮ ಇದ್ದರೆ ಯಾರು ಬೇಕಾದರೂ ಒಮ್ಮೆ ಕೇಳಬಹುದು.

ಆದರೆ ದೊಡ್ಡ ರೇಟಿಂಗಿನವರು ಯಾಕೆ ಒಪ್ಪುವುದಿಲ್ಲ ಅನ್ನುವುದಕ್ಕೆ ಲೆಕ್ಕ ಇದೆ. ಫಿಡೆ ರೇಟಿಂಗಿನಲ್ಲಿ ಇಬ್ಬರ ಮಧ್ಯೆ 200 ಪಾಯಿಂಟ್ ವ್ಯತ್ಯಾಸ ಇದೆ ಅಂದುಕೊಳ್ಳಿ. ಮೇಲಿರುವವರಿಂದ ಒಂದು ಆಟಕ್ಕೆ 0.76 ಬರಬೇಕು ಅಂತ ಲೆಕ್ಕ. ಗೆದ್ದರೆ ಸಿಗುವುದು 1, ಡ್ರಾದಲ್ಲಿ 0.5. ಅವರ ಕೆ ಅಂಶ, ಅಂದರೆ ಆ ವ್ಯತ್ಯಾಸವನ್ನು ಗುಣಿಸುವ ಸಂಖ್ಯೆ, 20 ಆಗಿದ್ದರೆ ಒಂದೇ ಡ್ರಾದಿಂದ 5 ಪಾಯಿಂಟಿಗೂ ಸ್ವಲ್ಪ ಜಾಸ್ತಿ ಕಳೆದುಕೊಳ್ಳುತ್ತಾರೆ. ಆನ್‌ಲೈನ್ ತಾಣಗಳಲ್ಲಿ ಗ್ಲಿಕೊ ಅನ್ನುವ ಬೇರೆ ಲೆಕ್ಕ, ಆದರೆ ದಿಕ್ಕು ಅದೇ. ಹಾಗಾಗಿ ಅವರು ಬೇಡ ಅಂದರೆ ನಿಮ್ಮನ್ನು ಕೀಳಾಗಿ ಕಂಡರು ಅಂತ ಅಲ್ಲ. ಅವರಿಗೆ ಅದು ನಷ್ಟ.

ಇನ್ನೊಂದು ಮಾತು ಹೇಳಬೇಕು. ಪುಸ್ತಕದ ಪ್ರಕಾರ ಡ್ರಾ ಆಗಿರುವ ಆಟವನ್ನು ಎದುರಾಳಿ ಮುಂದುವರಿಸಿದರೆ ಕೆಲವರಿಗೆ ಸಿಟ್ಟು ಬರುತ್ತದೆ. "ಇದು ಡ್ರಾ ಅಂತ ಗೊತ್ತಿಲ್ವಾ" ಅಂತ ಚಾಟಿನಲ್ಲಿ ಬರೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆನೆ ಮತ್ತು ಒಂದು ಕಾಲಾಳಿನ ವಿರುದ್ಧ ಬರೀ ಆನೆ ಇಟ್ಟುಕೊಂಡು ಉಳಿಯುವ ಆಟ ತೆಗೆದುಕೊಳ್ಳಿ. 18ನೇ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್ ಹೆಸರಿನ ರಕ್ಷಣೆ ಅದು. ನಿಮ್ಮ ರಾಜ ಆ ಕಾಲಾಳಿನ ದಾರಿಗೆ ಅಡ್ಡ ನಿಂತಿರಬೇಕು. ನಿಮ್ಮ ಆನೆ ನಿಮ್ಮ ಕಡೆಯಿಂದ ಮೂರನೇ ಸಾಲಿನಲ್ಲಿ ಕಾವಲು ಕಾಯಬೇಕು, ಅವರ ರಾಜ ಆ ಸಾಲಿಗೆ ಕಾಲಿಡದ ಹಾಗೆ. ಅವರು ಬೇಸತ್ತು ಕಾಲಾಳನ್ನು ಆ ಸಾಲಿಗೆ ತಳ್ಳಿದ ಕೂಡಲೇ ನಿಮ್ಮ ಆನೆ ದೂರ ಹೋಗಿ ಹಿಂದಿನಿಂದ ಚೆಕ್ ಕೊಡುತ್ತಾ ಹೋಗಬೇಕು. ಅವರ ರಾಜನಿಗೆ ಅಡಗಲು ಜಾಗ ಇರುವುದಿಲ್ಲ. ಗೊತ್ತಿದ್ದವರಿಗೆ ಇದು ಖಂಡಿತ ಡ್ರಾ. ಗೊತ್ತಿಲ್ಲದವರು ಸೋಲುತ್ತಾರೆ. ನಿಮಗೆ ಗೊತ್ತಿದೆ ಅಂತ ಎದುರಾಳಿಗೆ ಹೇಗೆ ಗೊತ್ತಾಗಬೇಕು? ಆಡಿ ತೋರಿಸಬೇಕು. ನಾಲ್ಕೈದು ನಡೆ ಸರಿಯಾಗಿ ಆಡಿ, ಆಮೇಲೆ ಒಮ್ಮೆ ಕೇಳಿ. ಹೆಚ್ಚಿನವರು ಒಪ್ಪುತ್ತಾರೆ. ನಾನು ಹಾಗೆ ಕೇಳಿದಾಗ ಎದುರಾಳಿ "ಚೆನ್ನಾಗಿ ಆಡಿದಿರಿ" ಅಂತ ಬರೆದು ಒಪ್ಪಿದ್ದೂ ಇದೆ.

ನಮ್ಮ ಗುಕೇಶ್ ಆಟ ನೆನಪಿದೆಯಲ್ವಾ? 2024ರ ಡಿಸೆಂಬರ್ 12, ಸಿಂಗಪುರ, ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಗೇಮ್. ಇಬ್ಬರಿಗೂ ಒಂದೊಂದು ಆನೆ, ಒಂದೊಂದು ಒಂಟೆ, ಗುಕೇಶ್‌ಗೆ ಒಂದು ಕಾಲಾಳು ಜಾಸ್ತಿ. ಡ್ರಾ ಆಗುತ್ತದೆ ಅಂತಲೇ ಎಲ್ಲರ ಮಾತು. ಅವನು ಆಡುತ್ತಲೇ ಹೋದ. 55ನೇ ನಡೆಯಲ್ಲಿ ಎದುರಾಳಿ ಡಿಂಗ್ ಲಿರೆನ್ ಆನೆಯನ್ನು ತಪ್ಪು ಮನೆಗೆ ಇಟ್ಟರು. 18 ವರ್ಷಕ್ಕೆ ವಿಶ್ವ ಚಾಂಪಿಯನ್. ಅಲ್ಲಿ ಗುಕೇಶ್ ಡಿಂಗ್‌ಗೆ ಅವಮಾನ ಮಾಡಿದ ಅಂತ ಯಾರಾದರೂ ಹೇಳಿದರಾ?

ಮಧುಗಿರಿ ಬೆಟ್ಟ:

ಆ ದಿನ ನಮ್ಮ ಮನೆಯಲ್ಲಿ ಚೆಸ್ ಗೊತ್ತಿಲ್ಲದ ನಮ್ಮಪ್ಪನೂ ಫೋನ್ ಮುಂದೆ ಕೂತಿದ್ದರು. ಆ ಪಂದ್ಯದಲ್ಲಿ ಕಪ್ಪು 40ನೇ ನಡೆ ಆಡುವ ತನಕ ಡ್ರಾ ಮಾತೇ ಎತ್ತಬಾರದು ಅನ್ನುವ ನಿಯಮವೂ ಇತ್ತು.

ಗೌರಿಬಿದನೂರು ಬ್ಲಿಟ್ಜ್:

ಸರಿ, ಪದೇ ಪದೇ ಕೇಳುವುದು ತಪ್ಪು, ಒಪ್ಪಿದೆ. ನಿಯಮ ಹಾಗಿದೆ ಅಂದ ಮೇಲೆ ಮಾತಿಲ್ಲ. ಈಗ ನನ್ನ ಸಂಕಟ ಕೇಳಿ. ನಾನು ಆಡುವುದು 3 ನಿಮಿಷದ ಆಟ, ನಡೆಗೆ ಸೆಕೆಂಡ್ ಸೇರುವುದಿಲ್ಲ. ಕೊನೆಗೆ ಇಬ್ಬರಿಗೂ ಒಂದೊಂದು ಆನೆ ಮಾತ್ರ ಉಳಿದಿದೆ. ಗೆಲ್ಲಲು ಯಾರಿಗೂ ದಾರಿ ಇಲ್ಲ. ನನಗೆ 6 ಸೆಕೆಂಡ್, ಅವರಿಗೆ 19. ಡ್ರಾ ಕೇಳಿದೆ. ಅವರು ಸುಮ್ನೆ ಆನೆಯನ್ನು ಅತ್ತಿಂದಿತ್ತ ಓಡಿಸಿ ನನ್ನ ಟೈಮ್ ಮುಗಿಸಿದರು. ಇದು ಆಟವಾ?

ಚಿಂತಾಮಣಿ ಕುದುರೆ:

ತಮ್ಮಾ, ಆ ಟೈಮ್ ನೀವು ಮೊದಲೇ ಖರ್ಚು ಮಾಡಿದ್ದೀರಿ. ಅವರು ಉಳಿಸಿಕೊಂಡಿದ್ದಾರೆ. ಕಾಯಿ ಉಳಿಸಿಕೊಂಡ ಹಾಗೇ ಅದೂ ಅವರ ಸಂಪಾದನೆ. ನೋಡಲು ಚೆನ್ನಾಗಿಲ್ಲ ಅನ್ನುವುದು ನಿಜ. ನಾನಾಗಿದ್ದರೆ ಡ್ರಾ ಒಪ್ಪುತ್ತಿದ್ದೆ. ಆದರೆ ಒಪ್ಪದವರನ್ನು ಬೈಯಲು ಬರುವುದಿಲ್ಲ.

ನಡೆಗೆ 2 ಸೆಕೆಂಡ್ ಸೇರುವ ಆಟ ಆಡಿ ನೋಡಿ. ಈ ಜಗಳ ಮುಕ್ಕಾಲು ಪಾಲು ಅಲ್ಲೇ ಮುಗಿಯುತ್ತದೆ. ಬರೀ ಆನೆ ಎದುರು ಆನೆ ಇದ್ದಾಗ 2 ಸೆಕೆಂಡಿನಲ್ಲಿ ಒಂದು ಸುರಕ್ಷಿತ ನಡೆ ಆಡಲು ಆರಾಮಾಗಿ ಆಗುತ್ತದೆ. ಕಾಯಿ ಹೊಡೆಯದೆ, ಕಾಲಾಳು ನಡೆಸದೆ ಇಬ್ಬರಿಂದಲೂ ತಲಾ 50 ನಡೆ ಕಳೆದರೆ ಡ್ರಾ. ಒಂದೇ ಸ್ಥಿತಿ ಮೂರು ಸಲ ಬಂದರೂ ಡ್ರಾ. ಅದಕ್ಕೆ ಎದುರಾಳಿಯ ಒಪ್ಪಿಗೆ ಬೇಕಿಲ್ಲ. ಇದನ್ನು ಹೆಚ್ಚಿನವರು ಮರೆಯುತ್ತಾರೆ. ಡ್ರಾವನ್ನು ಬೇಡಿಯೇ ಪಡೆಯಬೇಕು ಅಂದುಕೊಂಡಿರುತ್ತಾರೆ.

ತಾಣಗಳಲ್ಲಿ ಸ್ವಲ್ಪ ವ್ಯತ್ಯಾಸ ಇದೆ, ಅದನ್ನೂ ತಿಳಿದಿರಿ. ಚೆಸ್ ಡಾಟ್ ಕಾಮ್‌ನಲ್ಲಿ ಮೂರು ಸಲ ಅದೇ ಸ್ಥಿತಿ ಬಂದರೆ ತಾನಾಗಿ ಡ್ರಾ ಆಗುತ್ತದೆ. ಲಿಚೆಸ್‌ನಲ್ಲಿ ನೀವೇ ಹಕ್ಕು ಕೇಳಬೇಕು, ಇಲ್ಲವೇ ತಾನಾಗಿ ಕೇಳುವ ಹಾಗೆ ಸೆಟ್ಟಿಂಗ್ಸ್‌ನಲ್ಲಿ ಇಟ್ಟುಕೊಳ್ಳಬೇಕು. ಐದು ಸಲ ಬಂದರೆ ಅಲ್ಲೂ ತಾನಾಗಿ ಮುಗಿಯುತ್ತದೆ. ನಿಮ್ಮ ಟೈಮ್ ಮುಗಿದಾಗ ಎದುರಾಳಿಯ ಹತ್ತಿರ ಬರೀ ರಾಜ ಇದ್ದರೆ ಎರಡೂ ಕಡೆ ಡ್ರಾ. ಆದರೆ ರಾಜನ ಜೊತೆ ಒಂದು ಕುದುರೆ ಇದ್ದು, ನಿಮ್ಮ ಹತ್ತಿರ ಕಾಲಾಳು ಇದ್ದರೆ? ಚೆಸ್ ಡಾಟ್ ಕಾಮ್ ಡ್ರಾ ಅನ್ನುತ್ತದೆ. ಲಿಚೆಸ್‌ನಲ್ಲಿ ನೀವು ಸೋತಿರಿ, ಯಾಕೆಂದರೆ ಹೇಗೋ ಒಂದು ದಾರಿಯಲ್ಲಿ ಆ ಕುದುರೆಯಿಂದ ಚೆಕ್‌ಮೇಟ್ ಆಗಲು ಸಾಧ್ಯ ಇದೆ. ಫಿಡೆ ನಿಯಮವೂ ಅದೇ.

ಗೌರಿಬಿದನೂರು ಬ್ಲಿಟ್ಜ್:

ಇದು ಗೊತ್ತಿರಲಿಲ್ಲ ಅಣ್ಣ. ಇವತ್ತಿನಿಂದ 3 ಮತ್ತು 2 ಆಡಿ ನೋಡುತ್ತೇನೆ.

ಮಧುಗಿರಿ ಬೆಟ್ಟ:

ನನಗೆ ಇದಕ್ಕಿಂತ ಬೇಜಾರಾಗುವುದು ಮೊದಲೇ ಮಾತಾಡಿಕೊಂಡು ಮಾಡುವ ಡ್ರಾ. ಗೆಳೆಯರು ಇಬ್ಬರು ಎಂಟು ನಡೆ ಆಡಿ ಅರ್ಧರ್ಧ ಹಂಚಿಕೊಳ್ಳುತ್ತಾರೆ. ಕೊನೆ ಸುತ್ತಿನಲ್ಲಿ ಹಾಗೆ ಮಾಡಿದರೆ ಮೂರನೆಯವನೊಬ್ಬನ ಬಹುಮಾನ ಹೋಗುತ್ತದೆ. ಅವನು ಅಲ್ಲಿ ನಾಲ್ಕು ಗಂಟೆ ಕೂತು ಆಡುತ್ತಿರುತ್ತಾನೆ.

ದೊಡ್ಡವರ ಮಟ್ಟದಲ್ಲೂ ಇದು ಹಳೆಯ ಜಗಳ. 2005ರಲ್ಲಿ ಬಲ್ಗೇರಿಯಾದ ಸೋಫಿಯಾ ನಗರದ ಪಂದ್ಯದಲ್ಲಿ ಆಟಗಾರರು ತಾವೇ ಡ್ರಾ ಮಾತಾಡಿಕೊಳ್ಳಬಾರದು ಅಂತ ನಿಯಮ ಮಾಡಿದರು. ಅದಕ್ಕೇ ಇವತ್ತಿಗೂ ಸೋಫಿಯಾ ನಿಯಮ ಅನ್ನುತ್ತಾರೆ. 2024ರ ಕೊನೆಯ ದಿನ ನ್ಯೂಯಾರ್ಕಿನಲ್ಲಿ ಕಾರ್ಲ್‌ಸನ್ ಮತ್ತು ನೆಪೋಮ್ನಿಯಾಚಿ ವಿಶ್ವ ಬ್ಲಿಟ್ಜ್ (ಕೆಲವೇ ನಿಮಿಷದ ಚೆಸ್) ಪ್ರಶಸ್ತಿಯನ್ನೇ ಹಂಚಿಕೊಂಡರು. ಫಿಡೆ ಒಪ್ಪಿತು ನಿಜ. ನನಗೆ ಮಾತ್ರ ಇವತ್ತಿಗೂ ಒಪ್ಪಿಗೆಯಾಗಿಲ್ಲ. ಅದನ್ನು ನೋಡಿದ ಮಕ್ಕಳಿಗೆ ನಾವು ಏನು ಹೇಳುವುದು?

ಕೋಲಾರ ಆರ್ಬಿಟರ್:

ನನಗೂ ಒಪ್ಪಿಗೆಯಾಗಲಿಲ್ಲ. ಆದರೆ ಸಣ್ಣ ಡ್ರಾ ಎಲ್ಲವೂ ಮೋಸ ಅಲ್ಲ. ಜ್ವರ ಬಂದು ಆಡಲು ಕೂತ ಹುಡುಗರನ್ನು ನೋಡಿದ್ದೇನೆ. ಬೆಳಗಿನಿಂದ ಮೂರು ಸುತ್ತು ಆಡಿ ಸುಸ್ತಾದವರನ್ನೂ ನೋಡಿದ್ದೇನೆ. ಬೋರ್ಡಿನ ಮುಂದೆ ಕೂತು ಕೇಳಿ ಒಪ್ಪಿದರೆ ಸರಿ. ಹೊರಗೆ ಮಾತಾಡಿಕೊಂಡು ಬಂದರೆ ತಪ್ಪು. ನಾನು ಹಾಕುವ ಗೆರೆ ಇಷ್ಟೇ. ಆನ್‌ಲೈನ್‌ನಲ್ಲೂ ರೇಟಿಂಗಿಗಾಗಿ ಮಾತಾಡಿಕೊಂಡು ಆಡಿದರೆ ಖಾತೆಯೇ ಮುಚ್ಚಿಹೋಗಬಹುದು.

ಶಿಡ್ಲಘಟ್ಟದ ಅಮ್ಮ:

ಒಂದು ಸುದ್ದಿ. ನಿನ್ನೆ ಮಗ ಫೋನಿನಲ್ಲಿ ಆಡುತ್ತಿದ್ದ. ನಾನು ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಡ್ರಾ ಬಂತು. ಅವನು ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬೆರಳು ಗಾಳಿಯಲ್ಲೇ ಇಟ್ಟುಕೊಂಡಿದ್ದ. ಆಮೇಲೆ "ಆಡೋಣ ಅಣ್ಣ" ಅಂತ ಫೋನಿಗೇ ಹೇಳಿ ಕುದುರೆ ನಡೆಸಿದ. ಆ ಗೇಮ್ ಸೋತ. ಆದರೆ ಅಳಲಿಲ್ಲ. ಇನ್ನೊಂದು ಆಡಲಾ ಅಂತ ಕೇಳಿದ.

ತಿಪಟೂರು ಕಲ್ಪತರು:

ಭಲೇ ಮರಿ! ಅವನಿಗೆ ನಮ್ಮೆಲ್ಲರ ಶಹಬ್ಬಾಸ್ ಹೇಳಿ ಅಕ್ಕ.

ತುಮಕೂರು ರೈಲು:

ನಾನೂ ಒಂದು ಹೇಳಬೇಕು. ಇವತ್ತು ಬೆಳಿಗ್ಗೆ ಲಿಚೆಸ್‌ನಲ್ಲಿ ಆಡುತ್ತಿದ್ದೆ. ದಾಬಸ್‌ಪೇಟೆ ದಾಟಿದ ಮೇಲೆ ಸಿಗ್ನಲ್ ಹೋಯಿತು. ನನಗೆ ಒಂದು ಕಾಲಾಳು ಕಡಿಮೆ ಇತ್ತು, ಒಂಟೆಗಳು ಮಾತ್ರ ಬೇರೆ ಬೇರೆ ಬಣ್ಣದ ಮನೆಯಲ್ಲಿದ್ದವು, ಹಾಗಾಗಿ ಡ್ರಾ ಆಗುವ ಆಸೆ ಇತ್ತು. ಅಲ್ಲಿ ಎದುರಾಳಿ ಕಾಣೆಯಾದರೆ ಸ್ವಲ್ಪ ಹೊತ್ತಿನಲ್ಲಿ ಇನ್ನೊಬ್ಬರಿಗೆ ಕೇಳುತ್ತದೆ. ಗೆಲುವು ತೆಗೆದುಕೊಳ್ಳುತ್ತೀರಾ, ಡ್ರಾ ಮಾಡುತ್ತೀರಾ, ಕಾಯುತ್ತೀರಾ ಅಂತ. ಗೇಮ್ ಹೋಯಿತು ಅಂತಲೇ ಅಂದುಕೊಂಡಿದ್ದೆ. ಸಿಗ್ನಲ್ ಬಂದಾಗ ನೋಡಿದರೆ ಬೋರ್ಡ್ ಹಾಗೇ ಇದೆ. ಅವರು ಕಾದಿದ್ದರು. ನನ್ನ ಗಡಿಯಾರದಲ್ಲಿ ಒಂದು ನಿಮಿಷ ಚಿಲ್ಲರೆ ಉಳಿದಿತ್ತು.

ನನ್ನ ನಡೆ ಆಡಿದೆ. ಆಮೇಲೆ ಒಂದು ಸಲ ಡ್ರಾ ಕೇಳಿದೆ. ಅವರು ರಾಜನನ್ನು ಒಂದು ಮನೆ ಮುಂದೆ ಇಟ್ಟರು. ಅಂದರೆ ಬೇಡ. ಸರಿ ಅಂತ ಆಡುತ್ತಾ ಹೋದೆ, ಮತ್ತೆ ಆ ಬಟನ್ ಹತ್ತಿರ ಹೋಗಲಿಲ್ಲ. ನನ್ನ ಒಂಟೆ ಒಂದೇ ಓಣಿಯಲ್ಲಿ ಹಿಂದೆ ಮುಂದೆ. ಚಿಕ್ಕಬಾಣಾವರ ಬರುವ ಹೊತ್ತಿಗೆ ಅವರ ಕಡೆಯಿಂದಲೇ ಡ್ರಾ ಬಂತು. ಈ ಸಲ ನೋಡಿಕೊಂಡೇ ಒತ್ತಿದೆ. "ಕಾದಿದ್ದಕ್ಕೆ ಥ್ಯಾಂಕ್ಸ್" ಅಂತ ಬರೆದೆ.

ಬ್ಲಿಟ್ಜ್ ತಮ್ಮಾ, ಸಂಜೆ ವಾಪಸ್ ಬರುವಾಗ ನಡೆಗೆ 5 ಸೆಕೆಂಡ್ ಸೇರುವ ಹತ್ತು ನಿಮಿಷದ ಆಟ ಆಡೋಣವಾ? ದಾಬಸ್‌ಪೇಟೆ ಹತ್ತಿರ ಕಾಣೆಯಾದರೆ ಸ್ವಲ್ಪ ಕಾಯಿರಿ.

ಗೌರಿಬಿದನೂರು ಬ್ಲಿಟ್ಜ್:

ಬನ್ನಿ ಅಣ್ಣ, ಕಾಯುತ್ತೇನೆ. ಬಿಳಿ ನಿಮ್ಮದೇ.